ತಮ್ಮನಿಗೆ ಮಾತ್ರ ಹಳೆಯ ಕತ್ತಿ

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಇನ್ನೊಬ್ಬರ ಮನೆಯ ಮಾತು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಏನೋ ಇದು?" ಎಂದ ಬಡಗಿ, ಕುರ್ಚಿಯಲ್ಲಿ ಒರಗಿಕೊಂಡೇ.

ಕ್ಷೌರಿಕ ಕಾಗದದ ಹೊದಿಕೆಯಿಂದ ಬ್ಲೇಡೊಂದನ್ನು ತೆಗೆದು, ಪಟಕ್ಕನೆ ಎರಡಾಗಿ ಮುರಿದು, ಒಂದು ಅರ್ಧವನ್ನು ಹೊಸ ಹಿಡಿಯ ಬಾಯಿಗೆ ಸಿಕ್ಕಿಸಿದ. ನೋಡಲು ಹಳೆಯ ಕ್ಷೌರದ ಕತ್ತಿಯ ಹಾಗೆಯೇ ಇತ್ತು. ತೂಕ ಕಡಿಮೆ, ಹೊಳಪು ಜಾಸ್ತಿ.

"ಇನ್ಮೇಲೆ ಇದೇ. ಒಬ್ಬರಿಗೆ ಒಂದು ಬ್ಲೇಡು. ಆಮೇಲೆ ಬಿಸಾಡೋದು."

"ಹಳೇ ಗೆಳೆಯರನ್ನೂ ಅದರ ಜೊತೆಗೇ ಬಿಸಾಡ್ತೀಯೇನೋ?"

"ಸುಮ್ನೆ ಕೂತ್ಕೋ. ಮೂಗು ಹೋದೀತು." ಹೀಗೆ ಹೇಳಿದವನು ನಗಲಿಲ್ಲ.

ಬಡಗಿಗೆ ನೋವಾಗಲು ಕಾರಣವಿತ್ತು. ಅಂಗಡಿ ಶುರುವಾದಾಗಿನಿಂದ ಆ ಹಳೆಯ ಕತ್ತಿಗೆ ಸಾಣೆ ಹಿಡಿದವನು ಅವನೇ. ತನ್ನ ಉಳಿಗಳಿಗೂ ತಾಗಿಸದ ನುಣುಪು ಕಲ್ಲೊಂದನ್ನು ಅದಕ್ಕೆಂದೇ ಇಟ್ಟಿದ್ದ. ರಜೆಯ ದಿನ ಬೆಳಿಗ್ಗೆ ಅವನೂ ತಮ್ಮನೂ ಒಟ್ಟಿಗೆ ಬರುತ್ತಿದ್ದರು. ಮೊದಲು ಅಣ್ಣ, ಅವನು ಎದ್ದ ಕುರ್ಚಿಯಲ್ಲಿ ತಮ್ಮ. ಅದೇ ನೀರು, ಅದೇ ಕತ್ತಿ. ಲಾರಿ ಓಡಿಸಿ ದಣಿದ ತಮ್ಮ ಮುಖಕ್ಕೆ ನೊರೆ ಬೀಳುವ ಮೊದಲೇ ಗೊರಕೆ ಹೊಡೆಯುತ್ತಿದ್ದ.

ಈಗೀಗ ತಮ್ಮ ಒಬ್ಬನೇ ಹೋಗಿ ಬರುತ್ತಿದ್ದ. ಯಾಕೆಂದು ಕೇಳಿದರೆ, "ಹೊತ್ತು ಹೊಂದಲ್ಲ ಅಣ್ಣಾ" ಎನ್ನುತ್ತಿದ್ದ.

ಒಂದು ಸಂಜೆ ಹಲಗೆ ಹೊತ್ತು ಅಂಗಡಿಯ ಮುಂದೆ ಹಾದುಹೋಗುವಾಗ ಬಡಗಿಗೆ ಚರ್ಮದ ಪಟ್ಟಿಯ ಮೇಲೆ ಕತ್ತಿ ಉಜ್ಜುವ ಸದ್ದು ಕೇಳಿಸಿತು. ನಿದ್ದೆಯಲ್ಲೂ ಗುರುತಿಸಬಲ್ಲ ಸದ್ದು. ಇಣುಕಿದ. ಕುರ್ಚಿಯಲ್ಲಿ ತಮ್ಮ. ಕ್ಷೌರಿಕನ ಕೈಯಲ್ಲಿ ಹಳೆಯ ಕತ್ತಿ. ಕೆಲಸ ಮುಗಿದ ಮೇಲೆ ಅದನ್ನು ಕುದಿಯುವ ನೀರಿನಲ್ಲಿ ಅದ್ದಿ, ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಮದುವೆಯ ಒಡವೆಯೇನೋ ಎನ್ನುವ ಹಾಗೆ ಕೆಳಗಿನ ಖಾನೆಯಲ್ಲಿಟ್ಟ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಕಾದೇ ಇದ್ದಳು.

"ಈಗ ಗೊತ್ತಾಯ್ತಾ ನಿಮಗೆ? ಸೋಪು ಬೇರೆ, ಟವೆಲ್ಲು ಬೇರೆ, ಉಗುರು ತೆಗೆಯೋದೂ ಬೇರೆ ತಂದಿಟ್ಕೊಂಡಿದಾನೆ ನಿಮ್ಮ ತಮ್ಮ. ಮೊನ್ನೆ ಮಗು ಅವನ ಟವೆಲ್ಲು ಮುಟ್ಟಿದ್ದಕ್ಕೆ ಹೇಗೆ ಎಗರಿಬಿದ್ದ! ನಾಳೆ ಒಲೇನೂ ಬೇರೆ ಅಂತಾನೆ, ನೋಡ್ತಾ ಇರಿ."

"ಸುಮ್ನಿರೇ" ಎಂದನೇ ಹೊರತು ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಊಟದ ಹೊತ್ತಿಗೆ ಕೇಳಿಯೇಬಿಟ್ಟ.

"ಪಾಲು ಬೇಕೇನೋ?"

ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಏನೂ ಬೇಡ ಅಣ್ಣಾ. ನನ್ನ ಪಾಡಿಗೆ ನನ್ನನ್ನ ಬಿಟ್ಟುಬಿಡು."

"ನಿನ್ನ ಪಾಡು ಬೇರೆ ಆಗಿದೆ ಅಂತ ಎಲ್ಲರಿಗೂ ಗೊತ್ತು. ನನಗೊಬ್ಬನಿಗೇ ಗೊತ್ತಿರಲಿಲ್ಲ."

ತಮ್ಮ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ.

ಬೆನ್ನಿಗೆ ಬಿದ್ದ ತಮ್ಮ, ಚಡ್ಡಿ ಹಾಕುವ ಕಾಲದಿಂದ ಜೊತೆಗಿದ್ದ ಗೆಳೆಯ. ಇಬ್ಬರೂ ಸೇರಿ ತನ್ನನ್ನು ಹೊರಗಿಟ್ಟಿದ್ದರು. ಅನ್ಯಾಯ ಮಾಡುವವರು ಜಗಳವನ್ನಾದರೂ ಆಡಬೇಡವೇ? ಒಬ್ಬನೂ ಮುಖ ಕೊಟ್ಟು ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಬಡಗಿ ಹೋದಾಗ ಅಂಗಡಿಯ ಬಾಗಿಲು ತೆರೆದಿತ್ತು. ಕ್ಷೌರಿಕ ಬಿಸಿನೀರು ತರಲು ಎದುರಿನ ಹೋಟೆಲಿಗೆ ಹೋಗಿದ್ದ. ಬಡಗಿ ಖಾನೆ ಎಳೆದ. ಬಟ್ಟೆ ಬಿಚ್ಚಿದ. ಕತ್ತಿಯ ಅಂಚಿನಲ್ಲಿ ತನ್ನ ಕಲ್ಲಿನ ಕೆಲಸ ಹಾಗೇ ಇತ್ತು. ಕುರ್ಚಿಯಲ್ಲಿ ಕೂತು, ಸೋಪು ಬಳಿದುಕೊಂಡು, ಕನ್ನಡಿ ನೋಡುತ್ತ ತಾನೇ ಕೆರೆದುಕೊಳ್ಳತೊಡಗಿದ. ಮರಕ್ಕೆ ಪಳಗಿದ ಕೈ. ಗದ್ದದ ಕೆಳಗೆ ಜಾರಿತು. ಬಿಳಿ ನೊರೆಯಲ್ಲಿ ಕೆಂಪು ಗೆರೆ ಇಳಿಯಿತು. ಅವನಿಗೆ ಅದೂ ಒಂದು ಬಗೆಯ ಸಮಾಧಾನವೇ ಆಯಿತು.

ಬಾಗಿಲಲ್ಲಿ ತಂಬಿಗೆ ಉರುಳಿತು.

"ಕೆಳಗಿಡೋ ಅದನ್ನ!"

"ಯಾಕೆ? ನನ್ನ ಮುಖಕ್ಕೆ ತಗಡು ಸಾಕು, ಅವನ ಮುಖಕ್ಕೆ ಮಾತ್ರ ಇದು ಬೇಕಾ?"

ಕ್ಷೌರಿಕ ಕತ್ತಿಯನ್ನು ಕಸಿದುಕೊಂಡ. ಬಡಗಿಯ ತಲೆಯನ್ನು ನಲ್ಲಿಯ ಕೆಳಗೆ ಬಗ್ಗಿಸಿ ಗಾಯಕ್ಕೆ ನೀರು ಬಿಟ್ಟ.

"ಅವನ ರಕ್ತದಲ್ಲಿ ರೋಗ ಇದೆ ಕಣೋ. ಲಿವರಿಗೆ ಬರೋದು. ರಕ್ತದಿಂದ ರಕ್ತಕ್ಕೆ ಹತ್ತುತ್ತೆ. ಅದಕ್ಕೇ ಎಲ್ಲರಿಗೂ ಬ್ಲೇಡು ತಂದೆ. ಈ ಕತ್ತಿ ಇನ್ನೊಬ್ಬರ ಮೈಗೆ ತಾಗೋದು ಬೇಡ ಅಂತ ಅವನೊಬ್ಬನಿಗೇ ಇಟ್ಟೆ."

ಬಡಗಿಯ ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. "ನಿನಗೆ ಹೇಳಿದಾನೆ. ನನಗೆ ಹೇಳ್ಲಿಲ್ಲ."

"ಅಣ್ಣನಿಗೆ ಮಾತ್ರ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡ. ಯಾಕೋ ಅಂತ ಕೇಳಿದೆ. ಬಾಯಿ ಬಿಡ್ಲಿಲ್ಲ."

"ನೀನೂ ಬಿಡ್ಲಿಲ್ಲ."

ಕ್ಷೌರಿಕ ಅಂಗಡಿಗೆ ಬೀಗವನ್ನೂ ಹಾಕದೆ ಗೆಳೆಯನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದ.

ತಮ್ಮನನ್ನು ನೋಡುತ್ತಿದ್ದ ಡಾಕ್ಟರೇ ಇವನನ್ನೂ ನೋಡಿದರು. ರಕ್ತ ತೆಗೆಸಿದರು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಎರಡು ದಿನ ಬಿಟ್ಟು ರಿಪೋರ್ಟೆಲ್ಲ ಬಂದ ಮೇಲೆ ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ಮೊನ್ನೆ ಕೊಯ್ದುಕೊಂಡದ್ದು ಪರೀಕ್ಷೆಯಲ್ಲಿ ಇಷ್ಟು ಬೇಗ ಕಾಣಿಸೋದಿಲ್ಲ. ಆದ್ರೂ ನಿಮ್ಮ ರಕ್ತದಲ್ಲಿ ಅದೇ ರೋಗ ಇದೆ. ಲಿವರ್ ನೋಡಿದ್ರೆ, ನಿಮ್ಮ ತಮ್ಮನಿಗೆ ಬರೋದಕ್ಕಿಂತ ಎಷ್ಟೋ ವರ್ಷ ಮೊದಲಿಂದ್ಲೂ ಇದೆ."

ಮೊದಲು ಅಣ್ಣ, ಆಮೇಲೆ ತಮ್ಮ, ಅದೇ ಕತ್ತಿ. ಅಣ್ಣನಿಗೆ ಮಾತ್ರ ಹೇಳಬೇಡ ಎಂದ ತಮ್ಮನಿಗೆ ಇದು ಮೊದಲೇ ಹೊಳೆದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.