ಗ್ರೀಕನ ಅಳತೆ

ಬಾಗಿಲ ಪಕ್ಕದ ಬೆಂಚಿನ ಕೆಳಗೆ ಬೂಟುಗಳಿರಲಿಲ್ಲ. ಲೆಫ್ತೇರಿಸ್ ಬಗ್ಗಿ ಮತ್ತೊಮ್ಮೆ ನೋಡಿದ. ಸ್ವೀಡನ್ನಿನ ಕಾಡುಗಳ ನಡುವಿನ ಈ ಸಣ್ಣ ಕಾರ್ಖಾನೆಗೆ ಗರಗಸದ ಅಲಗು ಕೊಳ್ಳಲು ಅವನು ಗ್ರೀಸಿನ ವೋಲೊಸ್‌ನಿಂದ ವರ್ಷಕ್ಕೆರಡು ಸಲ ಬರುತ್ತಿದ್ದ. ಒಂದು ದಿನ ಇದ್ದು ಮರುದಿನದ ವಿಮಾನ ಹಿಡಿಯುತ್ತಿದ್ದ. ಯಂತ್ರಗಳ ನಡುವೆ ಓಡಾಡಲು ಉಕ್ಕಿನ ಮೂತಿಯ ಬೂಟು ಬೇಕೇ ಬೇಕು. ಉಗ್ರಾಣದ ಯೋಸ್ಟಾ ಪ್ರತಿ ಸಲವೂ ಅವನ ಅಳತೆಯ ಜೋಡಿಯನ್ನು ಅಲ್ಲಿ, ದಾರ ಸಡಿಲಿಸಿ, ಇಟ್ಟಿರುತ್ತಿದ್ದ.

ಕಚೇರಿಯ ಓಸಾ ಬೇರೊಂದು ಜೋಡಿ ತಂದಿಟ್ಟಳು. ಕಾಲು ಒಳಗೆ ಅಲ್ಲಾಡುವಷ್ಟು ದೊಡ್ಡವು.

"ಯೋಸ್ಟಾಗೆ ನನ್ನ ಮೇಲೆ ಕೋಪಾನಾ? ಹೋದ ಸಲ ಊಟಕ್ಕೆ ಬರಲಿಲ್ಲ ಅಂತ ಸೇಡು ತೀರಿಸ್ಕೊಳ್ತಾ ಇದಾನಾ?" ಎಂದು ಅವನು ನಕ್ಕ.

ಓಸಾ ನಗಲಿಲ್ಲ. ಮೊದಲು ಕಾಫಿ ಕುಡಿಯೋಣ ಎಂದಳು.

ಅವಳು ನಗದಿದ್ದುದು ಅವನಿಗೆ ವಿಶೇಷವೆನಿಸಲಿಲ್ಲ. ವೋಲೊಸ್‌ನಲ್ಲಿ ಗೆಳೆಯರ ನಡುವೆ ಕೂತಾಗ ಈ ಜನರೇ ಅವನ ಮುಖ್ಯ ತಮಾಷೆ. ಅಲ್ಲಿ ಮಾತಿಗೂ ತೆರಿಗೆ ಕಟ್ಟಬೇಕು ಕಣ್ರೋ, ಅದಕ್ಕೇ ಯಾರೂ ಬಾಯಿ ಬಿಡೋದಿಲ್ಲ ಎನ್ನುತ್ತಿದ್ದ. ವರ್ಷಗಳಿಂದ ಹೋಗಿಬಂದರೂ ಯಾರ ಮನೆಯ ಹೊಸ್ತಿಲನ್ನೂ ತುಳಿದಿಲ್ಲ ಎಂದು ಸೇರಿಸುತ್ತಿದ್ದ. ಹೋದ ವಸಂತದಲ್ಲಿ ಮಾತ್ರ, ಅವನು ಬೂಟಿನ ದಾರ ಕಟ್ಟುತ್ತಿದ್ದಾಗ, ಪಕ್ಕದಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಿದ್ದ ಯೋಸ್ಟಾ ಮನೆಗೆ ಊಟಕ್ಕೆ ಕರೆದಿದ್ದ. ಬೆಳಗ್ಗೆ ಬೇಗ ವಿಮಾನವಿದೆ, ಮುಂದಿನ ಸಲ ಖಂಡಿತ ಎಂದು ಲೆಫ್ತೇರಿಸ್ ಜಾರಿಕೊಂಡಿದ್ದ. ಬರುವಾಗ ಹೆಂಡತಿಯ ಕೈಯಡುಗೆ, ಸಕ್ಕರೆ ಪಾಕದಲ್ಲಿ ಬೇಯಿಸಿದ ಎಳೆ ಬದನೆ, ತರುತ್ತೇನೆ ಎಂದೂ ಹೇಳಿದ್ದ. ಯೋಸ್ಟಾ ಅದನ್ನು ಕುರಿತು ಯೋಚಿಸಿ, "ಬದನೆಕಾಯಿಗೆ ಸಕ್ಕರೇನಾ?" ಎಂದಿದ್ದ. ಅವನ ಬಾಯಿಂದ ಒಂದೇ ದಿನ ಅಷ್ಟು ಮಾತು ಬಂದದ್ದು ಅದೇ ಮೊದಲು.

ಕಾಫಿ ಕೋಣೆಯ ಕಿಟಕಿಯ ಬಳಿ ಪುಟ್ಟ ಮೇಜೊಂದರ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ನವೆಂಬರಿನಲ್ಲಿ ಇಲ್ಲಿ ಎಲ್ಲೆಲ್ಲೂ ಉರಿಯುವಂಥದೇ. ಲೆಫ್ತೇರಿಸ್ ಅಲ್ಲಿಯ ಖಾಲಿ ಕುರ್ಚಿಯಲ್ಲಿ ಕೂತು, ಚೀಲದಿಂದ ಬದನೆಯ ಬಾಟಲಿ ತೆಗೆದು ಬತ್ತಿಯ ಪಕ್ಕದಲ್ಲಿಟ್ಟ. ಕಾಫಿಗೆ ಸೇರಿದ್ದ ಕೆಲಸಗಾರರ ಕಪ್ ಹಿಡಿದ ಕೈಗಳೆಲ್ಲ ಹಾಗೇ ನಿಂತವು. ಯಾರೂ ಅವನನ್ನು ಏಳು ಎನ್ನಲಿಲ್ಲ. ಆಮೇಲೆ ಅವನಿಗೆ ಬತ್ತಿಯ ಹಿಂದಿದ್ದ ಫೋಟೋ ಕಂಡಿತು.

ಅವನು ಎದ್ದು ನಿಂತ. ಮೂರು ವಾರವಾಯಿತು, ದೋಣಿಯನ್ನು ಚಳಿಗಾಲಕ್ಕೆಂದು ದಡಕ್ಕೆ ಎಳೆಯುತ್ತಿದ್ದಾಗ ಯೋಸ್ಟಾನ ಎದೆಬಡಿತ ನಿಂತಿತು ಎಂದು ಓಸಾ ಹೇಳಿದಳು. ಶವಸಂಸ್ಕಾರ ನಾಳೆ.

"ನಂಗೆ ಯಾಕೆ ಬರೀಲಿಲ್ಲ?"

"ಬರೆದಿದ್ರೆ ನೀನು ಬರಲೇಬೇಕಾಗ್ತಿತ್ತು. ಅಷ್ಟು ದೂರದಿಂದ. ಆ ಭಾರ ಹಾಕೋದು ಬೇಡ ಅನ್ನಿಸ್ತು."

"ನಮ್ಮಲ್ಲಿ ಸತ್ತೋರನ್ನ ಮಾರನೇ ದಿನಾನೇ ಮಣ್ಣು ಮಾಡ್ತೀವಿ. ನೀವು ಮೂರು ವಾರ ಅವನನ್ನ ಚಳೀಲಿಟ್ಟು ಇಲ್ಲಿ ಕಾಫಿ ಕುಡೀತಾ ಇದೀರಲ್ಲ, ಮಾರಾಯ್ತಿ."

ಓಸಾ ಕಪ್ ಕೆಳಗಿಟ್ಟಳು. ಬತ್ತಿಯ ಕುಡಿ ವಾಲಿ ಮತ್ತೆ ನೆಟ್ಟಗಾಯಿತು. "ಅಷ್ಟು ಬೇಗ ಕಳಿಸಿಬಿಟ್ರೆ," ಎಂದಳು, "ದೂರದಲ್ಲಿರೋರು ಹೇಗೆ ಬರ್ತಾರೆ?"

ದಿನವಿಡೀ ಅವನು ದೊಡ್ಡ ಬೂಟುಗಳನ್ನು ಎಳೆದುಕೊಂಡು ಅಲಗುಗಳನ್ನು ನೋಡಿದ. ಸಂಜೆ ಹೋಟೆಲಿನ ಕಡೆ ಹೊರಟ ಓಸಾಳ ಕಾರಿನಲ್ಲಿ, ಈ ಬಾಟಲಿಯನ್ನಾದರೂ ತಲುಪಿಸಬೇಕಿತ್ತು ಎಂದ. ಅವಳು ಯೋಸ್ಟಾನ ಮನೆಯಿದ್ದ ಕೆರೆಯ ಕಡೆಗೆ ಕಾರು ತಿರುಗಿಸಿದಳು.

ಯೋಸ್ಟಾನ ಹೆಂಡತಿ ಉಲ್ಲಾ ಬಾಗಿಲು ತೆಗೆದಳು. ಅವನು ಅಂಗೈಯಲ್ಲಿ ಬಾಟಲಿ ಹಿಡಿದು ನಿಂತ. ಅವಳು ಅವನ ಕಾಲನ್ನು ನೋಡಿದಳು. ಅವನು ಶೂ ಬಿಚ್ಚಿದ. ಗೋಡೆಯ ಗೂಡಿನಿಂದ ಅವಳು ಒಂದು ಜೊತೆ ಉಣ್ಣೆಯ ಚಪ್ಪಲಿ ತೆಗೆದು ಅವನ ಮುಂದಿಟ್ಟಳು. ಹೊಸವು, ಅಂಗಡಿಯ ಚೀಟಿ ಇನ್ನೂ ತೂಗುತ್ತಿತ್ತು.

"ವಸಂತದಲ್ಲೇ ತಂದಿಟ್ಟಿದ್ದ," ಎಂದಳು. "ನಮ್ಮನೆ ನೆಲ ತಣ್ಣಗಿರತ್ತೆ, ಗ್ರೀಕನಿಗೆ ಅಭ್ಯಾಸ ಇಲ್ಲ ಅಂತ."

ಅವು ಸರಿಯಾಗಿ ಕೂತವು.

ಗುರುವಾರವಾದ್ದರಿಂದ, ಆ ನಾಡಿನ ರೂಢಿಯಂತೆ, ಬಟಾಣಿ ಸಾರು ಇತ್ತು. ಮೂವರೂ ಉಂಡರು. ಮಾತಿಲ್ಲದ ಆ ಹೊತ್ತನ್ನು ತುಂಬಲು ಲೆಫ್ತೇರಿಸ್ ಯಾವ ತಮಾಷೆಯನ್ನೂ ಹುಡುಕಲಿಲ್ಲ. ಕಿಟಕಿಯಾಚೆ ಅಂಗಳದಲ್ಲಿ ಮಗುಚಿ ಹಾಕಿದ್ದ ದೋಣಿಯನ್ನು ನೋಡುತ್ತ ಕೂತ. ಕೊನೆಗೆ ಉಲ್ಲಾ ಚಮಚದಲ್ಲಿ ಒಂದು ಎಳೆ ಬದನೆ ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ನಿಜವಾಗ್ಲೂ ಬದನೆಕಾಯೀನೇ," ಎಂದಳು. ಆಮೇಲೆ ಕೇಳಿದಳು: "ನಾಳೆ ನಿನ್ನ ವಿಮಾನ ಎಷ್ಟು ಹೊತ್ತಿಗೆ?"

ಇಲ್ಲಿಯವರಂತೆ ಅವನೂ ಈಗ ತಡೆದೇ ಉತ್ತರಿಸಿದ. "ನಾಳೆ ನಾನು ಹೋಗ್ತಾ ಇಲ್ಲ."

ಉಲ್ಲಾ ತಲೆಯಾಡಿಸಿ ತಟ್ಟೆಗಳನ್ನು ತೆಗೆದಳು. ಹೊರಡುವಾಗ ಅವನು ಚಪ್ಪಲಿಗಳನ್ನು ಬಿಚ್ಚಿ, ಜೊತೆಗೆ ಒಯ್ಯಬೇಕೋ ಬಿಡಬೇಕೋ ತಿಳಿಯದೆ ಕೈಯಲ್ಲಿ ಹಿಡಿದು ನಿಂತ.

"ಅಲ್ಲೇ ಇಡು," ಎಂದಳು ಉಲ್ಲಾ. "ಚರ್ಚಿನಿಂದ ಎಲ್ಲರೂ ಇಲ್ಲಿಗೇ ಬರೋದು."

ಗೂಡಿನಲ್ಲಿ, ಹಿಮ್ಮಡಿ ಸವೆದ ಒಂದು ದೊಡ್ಡ ಜೋಡಿಯ ಪಕ್ಕದಲ್ಲಿ, ಅವನ ಚಪ್ಪಲಿಗಳಷ್ಟೇ ಅಗಲದ ಜಾಗ ಖಾಲಿಯಿತ್ತು.