ಬೆಳ್ಳುಳ್ಳಿ ಘಮದ ಊದುಬತ್ತಿ

ಮೈಸೂರಿನ ಒಂದು ಊದುಬತ್ತಿ ಕಂಪನಿಯಲ್ಲಿ ಸುಜಯಾಗೆ ಸೇಲ್ಸ್ ಕೆಲಸ.

ಎರಡು ದಿನದ ಮಟ್ಟಿಗೆ ಹೈದರಾಬಾದಿಗೆ ಹೋಗಿಬರಬೇಕಿತ್ತು. ಅಲ್ಲಿನ ಒಬ್ಬ ದೊಡ್ಡ ಹೋಲ್‌ಸೇಲ್ ವ್ಯಾಪಾರಿಗೆ ಹೊಸ ಊದುಬತ್ತಿಯ ಸ್ಯಾಂಪಲ್ ತೋರಿಸಬೇಕು... ಆರ್ಡರ್ ಹಿಡಿಯಬೇಕು.

ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದ್ದರು. "ಚೆನ್ನೈ ಆರ್ಡರ್ ಕೈತಪ್ಪಿ ಹೋಯ್ತು. ಇದೂ ಹೋದ್ರೆ ಮುಂದೆ ಟೂರಿಗೆ ಬೇರೆಯವರನ್ನ ಕಳಿಸ್ತೀನಮ್ಮ. ನೀವು ಆಫೀಸಲ್ಲೇ ಕೂತು ಬಿಲ್ ಬರೀರಿ."

ಅದಕ್ಕೇ ಈ ಸಲ ಸುಜಯಾ ತೀರ್ಮಾನ ಮಾಡಿಬಿಟ್ಟಿದ್ದಳು.

ಹೆಗಲಿಗೆ ಒಂದೇ ಒಂದು ಚಿಕ್ಕ ಬ್ಯಾಗ್. ಮೈಮೇಲೊಂದು ಚೂಡಿದಾರ, ಬ್ಯಾಗಿನಲ್ಲೊಂದು. ಬ್ರಷ್ಷು, ಬಾಚಣಿಗೆ, ಸ್ಯಾಂಪಲ್ ಡಬ್ಬಿ... ಅಷ್ಟೇ.

ಆದರೆ ಹಾಲ್‌ನ ಸೋಫಾ ಮೇಲೆ ಆಗಲೇ ಒಂದು ಅಂಗಡಿ ಸಿದ್ಧವಾಗಿತ್ತು! ಅತ್ತೆ ಪುಟ್ಟಗೌರಮ್ಮ ಹಾಕಿದ ಬೆಳ್ಳುಳ್ಳಿ ಉಪ್ಪಿನಕಾಯಿಯ ಬಾಟಲಿ, ಚಟ್ನಿಪುಡಿ, ಎರಡು ಬೆಡ್‌ಶೀಟು.

ಎಲ್ಲವೂ ಹೈದರಾಬಾದಿನಲ್ಲಿದ್ದ ನಾದಿನಿ ಅನುಪಮಾಗೆ.

ಹೊರಡುವ ಹೊತ್ತಿಗೆ ಸರಿಯಾಗಿ ಇಂದ್ರಮ್ಮನೂ ಬಂದರು. ಅತ್ತೆಯ ಓರಗಿತ್ತಿ, ಪಕ್ಕದ ಬೀದಿಯವರು. ಕೈಯಲ್ಲಿ ಸಂಡಿಗೆ ಡಬ್ಬ.

"ಹೈದರಾಬಾದಿಗೆ ಹೊರಟಿದ್ದೀಯಂತಲ್ಲ! ಇದನ್ನೂ ನಮ್ಮ ಅನುಪಮಾಗೆ ಕೊಟ್ಬಿಡು. ಮೇಲಿಡಮ್ಮ, ಪುಡಿಯಾಗುತ್ತೆ."

ಗಂಡ ನಾಗೇಂದ್ರ ಅಟ್ಟದಿಂದ ದೊಡ್ಡ ಸೂಟ್‌ಕೇಸನ್ನೇ ಇಳಿಸಿದ. "ತಗೋ, ಇದರಲ್ಲಿ ಎಲ್ಲಾ ಹಿಡಿಯುತ್ತೆ."

ಸುಜಯಾ ತಲೆಯಾಡಿಸಿದಳು. "ಇಲ್ಲ ಚಿಕ್ಕತ್ತೆ. ಈ ಸಲ ನಾನು ಏನೂ ತಗೊಂಡು ಹೋಗಲ್ಲ."

ಇಂದ್ರಮ್ಮ ಸಂಡಿಗೆ ಡಬ್ಬವನ್ನು ಸೋಫಾ ಮೇಲೆ ಕುಕ್ಕಿದರು.

"ಏನೇ ಇದು ಕೊಬ್ಬು! ಎರಡು ಡಬ್ಬ ಹೊತ್ಕೊಂಡು ಹೋದ್ರೆ ನಿನ್ನ ಹೆಗಲು ಉದುರಿ ಹೋಗುತ್ತಾ? ಸ್ವಂತ ನಾದಿನಿ ಕಣೆ!" ಇಂದ್ರಮ್ಮನ ದನಿ ಬೀದಿಗೂ ಕೇಳಿಸಿತು.

"ಸುಮ್ನೆ ತಗೊಂಡು ಹೋಗೇ," ಎಂದ ನಾಗೇಂದ್ರ. "ಅಮ್ಮ ಬೇಜಾರು ಮಾಡ್ಕೋತಾರೆ."

ಅತ್ತೆ ಬೆಳಿಗ್ಗೆ ಪೂಜೆ ಮುಗಿಸಿದಾಗಿನಿಂದ ಮಾತೇ ಆಡಿರಲಿಲ್ಲ. ಸುಜಯಾಗೆ ಒಳಗೊಳಗೇ ಅಳುಕು. ಆದರೂ ಬ್ಯಾಗಿನ ಮೇಲಿಟ್ಟ ಕೈಯನ್ನು ಅವಳು ತೆಗೆಯಲಿಲ್ಲ.

"ಅನುಪಮಾ ಮೇಲೆ ನನಗೂ ಪ್ರೀತಿ ಇದೆ ರೀ. ಆದರೆ ನಾನು ನೆಂಟರ ಮನೆಗೆ ಹೋಗ್ತಿಲ್ಲ... ಕೆಲಸಕ್ಕೆ ಹೋಗ್ತಿದ್ದೀನಿ!"

ನಿಜವಾದ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಚೆನ್ನೈಗೆ ಹೋದಾಗ ಅತ್ತೆಯ ತಂಗಿಗೆಂದು ಕೊಟ್ಟ ಬೆಳ್ಳುಳ್ಳಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ದಾರಿಯಲ್ಲಿ ಸಡಿಲವಾಗಿತ್ತು. ಸ್ಯಾಂಪಲ್ ಡಬ್ಬಿಯ ಮೇಲೆ ಸೋರಿದ್ದನ್ನೇನೋ ಅವಳು ಒರೆಸಿದ್ದಳು... ವಾಸನೆಯನ್ನು ಒರೆಸುವುದು ಹೇಗೆ?

ಶ್ರೀಗಂಧದ ಊದುಬತ್ತಿ ಬಿಚ್ಚಿದ ವ್ಯಾಪಾರಿ ಮೂಗು ಮುಚ್ಚಿಕೊಂಡಿದ್ದ. "ಇದನ್ನ ದೇವರಿಗೆ ಹಚ್ಚಬೇಕಾ ಮೇಡಂ, ಸಾಂಬಾರಿಗೆ ಹಾಕಬೇಕಾ?" ಅಂಗಡಿಯವರೆಲ್ಲ ಘೊಳ್ಳೆಂದು ನಕ್ಕಿದ್ದರು.

ಮನೆಗೆ ಬಂದು "ಆರ್ಡರ್ ಆಗಲಿಲ್ಲ" ಎಂದಷ್ಟೇ ಹೇಳಿ, ಆ ಊದುಬತ್ತಿ ಡಬ್ಬಿಯನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದಳು. ಅತ್ತೆ ಕೈಯಾರೆ, ಆಸೆಯಿಂದ ಮಾಡಿದ ಉಪ್ಪಿನಕಾಯಿ... ಅದನ್ನು ದೂರುವುದು ಹೇಗೆ?

ಅಷ್ಟರಲ್ಲಿ ಪುಟ್ಟಗೌರಮ್ಮ ಎದ್ದರು. ದೇವರ ಮನೆಗೆ ನಡೆದರು. ಬೆಂಕಿಕಡ್ಡಿ ಗೀರಿದ ಸದ್ದು...

ಹೊರಬಂದಾಗ ಕೈಯಲ್ಲಿ ಹೊಗೆಯಾಡುವ ಒಂದು ಊದುಬತ್ತಿ.

"ಇಂದ್ರಾ, ಇದನ್ನ ಮೂಸು."

ಇಂದ್ರಮ್ಮ ಭಕ್ತಿಯಿಂದಲೇ ಉಸಿರೆಳೆದು ಮುಖ ಸಿಂಡರಿಸಿದರು. "ಅಯ್ಯೋ, ಏನಕ್ಕಾ ಇದು! ದೇವರ ಮನೇಲಿ ಒಗ್ಗರಣೆ ಸೀದು ಹೋಯ್ತಾ?"

"ನನ್ನದೇ ಉಪ್ಪಿನಕಾಯಿ ಕಣೆ. ಬೆಳಿಗ್ಗೆ ಈ ಬಾಟಲಿ ಕಟ್ಟೋಕೆ ಅಂತ ಬೀರು ಮೇಲೆ ರಟ್ಟಿನ ಡಬ್ಬ ಹುಡುಕಿದೆ. ಅಲ್ಲಿ ಈ ಊದುಬತ್ತಿ ಸಿಕ್ತು, ಪೂಜೆಗೆ ಹಚ್ಚಿದೆ. ಲಕ್ಷ್ಮಿ ಕೂಡ ಮೂಗು ಮುಚ್ಚಿಕೊಂಡಿರಬೇಕು! ಚೆನ್ನೈಯಲ್ಲಿ ಏನಾಗಿತ್ತು ಅಂತ ಆಗ ಗೊತ್ತಾಯ್ತು."

ಅವರು ಸೊಸೆಯ ಕಡೆ ತಿರುಗಿದರು.

"ಅಷ್ಟು ಅವಮಾನ ನುಂಗಿಕೊಂಡು ಬಂದೆ... ನನಗೆ ಒಂದು ಮಾತು ಅನ್ನಲಿಲ್ವಲ್ಲ ಮಗಳೇ?"

ಬೈಗುಳಕ್ಕೆ ಬಗ್ಗದೆ ನಿಂತಿದ್ದ ಸುಜಯಾ ಆ ಒಂದು ಮಾತಿಗೆ ಅತ್ತುಬಿಟ್ಟಳು...

ಪುಟ್ಟಗೌರಮ್ಮ ಈಗ ಮಗನತ್ತ ನೋಡಿದರು.

"ನಾಗೇಂದ್ರ, ಹೋದ ವಾರ ನೀನು ಪುಣೆಗೆ ಹೋಗಿದ್ದೆ. ಅಲ್ಲಿ ನಿನ್ನ ಸೋದರಮಾವ ಇಲ್ವಾ? ನಿನ್ನ ಬ್ಯಾಗಿಗೆ ಯಾರಾದ್ರೂ ಒಂದು ಹಪ್ಪಳ ತುರುಕಿದ್ರಾ?"

ನಾಗೇಂದ್ರ ತಲೆ ತಗ್ಗಿಸಿದ. ಸೂಟ್‌ಕೇಸನ್ನು ಎತ್ತಿ ಮರಳಿ ಅಟ್ಟಕ್ಕೆ ಹಾಕಿದ.

"ಹಾಗಾದ್ರೆ ಅನುಪಮಾಗೆ ಉಪ್ಪಿನಕಾಯಿ?" ಇಂದ್ರಮ್ಮ ಮೆಲ್ಲಗೆ ಕೇಳಿದರು.

"ಹಬ್ಬಕ್ಕೆ ಅಳಿಯಂದಿರು ಬರ್ತಾರಲ್ಲ, ಅವರ ಹೆಗಲೂ ಗಟ್ಟಿಯಾಗೇ ಇದೆ. ಹೊತ್ಕೊಂಡು ಹೋಗ್ಲಿ!"

ಅತ್ತೆ ಸೊಸೆಯ ಬ್ಯಾಗಿನ ಜಿಪ್ ಎಳೆಯಲು ಬಂದವರು ಅರ್ಧಕ್ಕೇ ನಿಂತರು. ಒಳಗೆ ಹೋಗಿ, ಸೋಪು ಹಚ್ಚಿ ಕೈ ತೊಳೆದು, ಒಮ್ಮೆ ಮೂಸಿ ನೋಡಿಕೊಂಡು... ಆಮೇಲೆ ಜಿಪ್ ಎಳೆದರು.

ಮರುದಿನ ಹೈದರಾಬಾದಿನಲ್ಲಿ ವ್ಯಾಪಾರಿ ಸ್ಯಾಂಪಲ್ ಡಬ್ಬಿ ತೆರೆದರು. ಒಂದು ಬತ್ತಿ ಹಚ್ಚಿದರು. ಸುಜಯಾ ಅವರ ಮುಖವನ್ನೇ ನೋಡುತ್ತಾ ಕುಳಿತಳು...

ಹೊರಗೆ ಬಂದವಳೇ ಮನೆಗೆ ಫೋನ್ ಮಾಡಿದಳು. ಆ ಕಡೆಯಿಂದ ಅತ್ತೆಯ ಮೊದಲ ಪ್ರಶ್ನೆ...

"ಏನೇ, ಮೂಗು ಮುಚ್ಚಿಕೊಂಡ್ರಾ?"

"ಇಲ್ಲ ಅತ್ತೆ," ಎಂದಳು ಸುಜಯಾ, ನಗುತ್ತಾ, ಅಳುತ್ತಾ. "ಕಣ್ಣು ಮುಚ್ಚಿ ಕೈ ಮುಗಿದ್ರು. ಆರ್ಡರ್ ಕೊಟ್ರು!"

ಕೆಲಸಕ್ಕೆ ಹೊರಟ ಹೆಣ್ಣಿನ ಬ್ಯಾಗಿನಲ್ಲಿ ಮೊದಲ ಜಾಗ ಅವಳ ಕೆಲಸಕ್ಕೆ.

ನಿಮ್ಮ ಮನೆಯಿಂದ ಕೆಲಸಕ್ಕೆ ಹೊರಡುವವಳ ಹೆಗಲ ಮೇಲೆ ಯಾರ ಯಾರ ಡಬ್ಬಗಳಿವೆ... ಇವತ್ತೇ ಒಂದನ್ನಾದರೂ ಇಳಿಸುತ್ತೀರಾ?