ಎಡಗೈ ಗ್ಲೌಸು

ಗ್ಲೌಸು ಬೆರಳುಗಂಟಿನ ತನಕ ಹೋಗಿ ನಿಂತುಬಿಟ್ಟಿತು. ಎಲಿಹಿಯೊ ಶವಪೆಟ್ಟಿಗೆಯ ಮೇಲೆ ಬಾಗಿ ಮತ್ತೊಮ್ಮೆ ಎಳೆದ. ಮಗನ ಎಡಗೈ ಇಡಿಯಾಗಿ ಎದ್ದು ಬಂತೇ ಹೊರತು ಗ್ಲೌಸು ಮುಂದೆ ಸರಿಯಲಿಲ್ಲ.

"ತಡಿಯೋ, ಪೌಡರ್ ಹಾಕ್ತೀನಿ," ಎಂದಳು ಹೆಣ ತೊಳೆದಿದ್ದ ಪಕ್ಕದ ಮನೆಯ ಫೇಲಾ. "ನನ್ನ ಗಂಡನಿಗೆ ಬೂಟು ಹಾಕಿದ್ದು ಹಾಗೇನೇ. ಬದುಕಿದ್ದಾಗ ಒಂದಿನ ಕಾಲಿಗೆ ಏರಿಸದೋನು, ಅವತ್ತು ತಕರಾರೇ ಮಾಡ್ಲಿಲ್ಲ."

ಪೌಡರಿಗೂ ಗ್ಲೌಸು ಜಗ್ಗಲಿಲ್ಲ. "ಊದ್ಕೊಂಡಿದೆ ಕಣೋ, ಈ ಸೆಕೆಗೆ. ಬೇಗ ಮುಗಿಸು, ಐಸು ಕರಗ್ತಾ ಇದೆ. ಹೊರೋರನ್ನ ಕರೀತೀನಿ," ಎಂದು ಫೇಲಾ ಹೊರಗೆ ಹೋದಳು. ಅಂಗಳದಲ್ಲಿ ಡಾಮಿನೊ ಆಡುತ್ತಿದ್ದ ಗಂಡಸರು ಅವಳನ್ನು ಕಂಡು ಆಟ ನಿಲ್ಲಿಸಿದರು.

ಸಾನ್ ಪೆದ್ರೊದ ಸಕ್ಕರೆ ಮಿಲ್ಲಿನ ಆ ಕೇರಿಯಲ್ಲಿ ಬೇಸ್‌ಬಾಲ್ ಆಡಿದವನನ್ನು ಬರಿಗೈಯಲ್ಲಿ ಮಣ್ಣು ಮಾಡುವುದಿಲ್ಲ. ಮೈದಾನದಲ್ಲಿ ಅವನು ಎಲ್ಲಿ ನಿಲ್ಲುತ್ತಿದ್ದನೋ ಆ ಜಾಗಕ್ಕೆ ತಕ್ಕ ಗ್ಲೌಸು ತೊಡಿಸಿ, ಊರವರೆಲ್ಲ ನೋಡಿದ ಮೇಲೆಯೇ ಮುಚ್ಚಳ. ವಿಲ್ಕಿನ್ ಶಾರ್ಟ್‌ಸ್ಟಾಪ್, ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ, ಹೊಡೆತಗಳೆಲ್ಲ ನುಗ್ಗಿ ಬರುವಲ್ಲಿ ನಿಲ್ಲುವವನು. ಒಂದು ಕಾಲಕ್ಕೆ ಎಲಿಹಿಯೊ ಮಿಲ್ಲಿನ ತಂಡಕ್ಕೆ ನಿಂತದ್ದೂ ಅಲ್ಲಿಯೇ. ಮಗನ ಗ್ಲೌಸುಗಳನ್ನೆಲ್ಲ ಆರಿಸಿದವನು ಅವನೇ. "ಶಾರ್ಟ್‌ಸ್ಟಾಪ್‌ದು ಚಿಕ್ಕದಿರಬೇಕು. ಬೊಗಸೆ ಆಳ ಆದ್ರೆ ಚೆಂಡು ಒಳಗೇ ಮಲಗಿಬಿಡುತ್ತೆ, ತಡಕಿ ತೆಗೆಯೋಷ್ಟರಲ್ಲಿ ಓಡೋನು ಬೇಸು ಮುಟ್ಟಿರ್ತಾನೆ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಮಗ ಬೇಸ್‌ಬಾಲ್ ಅಕಾಡೆಮಿಗೆ ಸೇರಿದ ಮೇಲಂತೂ ಅವನಿಗೆ ಬೇರೆ ಮಾತೇ ಇರಲಿಲ್ಲ. ನಿನ್ನೆ ರಜೆಗೆಂದು ಬರುತ್ತಿದ್ದ ವಿಲ್ಕಿನ್‌ನ ಮೋಟಾರ್‌ಸೈಕಲ್ಲಿಗೆ ಕಬ್ಬಿನ ಲಾರಿ ಗುದ್ದಿತು. ಕೈಗೆ ಮಾತ್ರ ಏನೂ ಆಗಿರಲಿಲ್ಲ.

ವಿಲ್ಕಿನ್‌ನ ಹೆಂಡತಿ ಮಿರೆಲಿಸ್ ಅವನ ತಲೆಯ ಬಳಿ ನಿಂತಿದ್ದಳು. ಮಾವ ಆ ಕೈಯನ್ನು ಬಿಟ್ಟುಬಿಡಲಿ ಎಂಬುದರ ಹೊರತು ಅವಳಿಗೆ ಇನ್ನೇನೂ ಬೇಕಿರಲಿಲ್ಲ. "ಊದಿರೋದೇ ಮಾವ," ಎಂದಳು. "ಎದೆ ಮೇಲೆ ಇಟ್ಟುಬಿಡಿ, ಸಾಕು."

ಎಲಿಹಿಯೊ ಮಗನ ಬಲಗೈ ಎತ್ತಿ ನೋಡಿದ. ಅದು ಊದಿರಲಿಲ್ಲ. ಮತ್ತೆ ಎಡಗೈಗೆ ಬಂದು ತೋರುಬೆರಳಿನ ಬುಡವನ್ನು ಒತ್ತಿದ. ಬೆರಳು ಹೊರಕ್ಕೆ ಸೊಟ್ಟಗಾಗಿತ್ತು. ಬುಡದಲ್ಲಿ ಕಲ್ಲಿನಂಥ ಗಂಟು. ಅದು ಒಂದು ದಿನದ ಸೆಕೆಗೆ ಬಂದದ್ದಲ್ಲ.

"ಇದು ಕ್ಯಾಚರ್ ಕೈ," ಎಂದ. ಬ್ಯಾಟು ಬೀಸುವವನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಸೆದ ಚೆಂಡನ್ನೆಲ್ಲ ಹಿಡಿಯುವವನ ಕೈ.

ಮಿರೆಲಿಸ್ ಗಂಡನ ಅಂಗಿಯ ಕಾಲರನ್ನು ಸರಿಪಡಿಸತೊಡಗಿದಳು.

"ಯಾವಾಗಿಂದ?"

"ಎರಡು ವರ್ಷ ಆಯ್ತು. ಕಾಲು ಭಾರ, ಶಾರ್ಟ್‌ಸ್ಟಾಪ್‌ಗೆ ಆಗಲ್ಲ ಅಂದ್ರಂತೆ."

"ಪಂದ್ಯದಲ್ಲಿ ಕೂರಿಸ್ತಿದ್ರಾ?"

"ಇಲ್ಲ." ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. "ಪಂದ್ಯಕ್ಕೆ ಮುಂಚೆ ಎಸೆಯೋರು ಕೈ ಪಳಗಿಸ್ಕೋತಾರಲ್ಲ ಮಾವ, ಆ ಚೆಂಡು ಹಿಡಿಯೋಕೆ. ಬೆಳಗ್ಗಿಂದ ಸಂಜೆವರೆಗೂ ಅದೇ. ನಿಮಗೆ ಹೇಳ್ಬೇಡ ಅಂದಿದ್ದ."

ಎಲಿಹಿಯೊ ಅರ್ಧ ಏರಿದ್ದ ಗ್ಲೌಸನ್ನು ಹಾಗೇ ಬಿಟ್ಟು ಗೋಡೆಗೆ ಒರಗಿದ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅಪಘಾತದ ಜಾಗದಿಂದ ಬಂದ ಗಂಡನ ಚೀಲವನ್ನು ಮಿರೆಲಿಸ್, ರಜೆಗೆ ಬಂದಾಗಲೆಲ್ಲ ಅವನು ಇಡುತ್ತಿದ್ದ ಹಾಗೇ, ಮಂಚದ ಕೆಳಗೆ ಇಟ್ಟಿದ್ದಳು. ಈಗ ಅದನ್ನು ಎಳೆದು ಕ್ಯಾಚರ್ ಗ್ಲೌಸು ತೆಗೆದಳು. ಬೆರಳುಗಳೇ ಇಲ್ಲದ, ದಿಂಬಿನಂತೆ ದುಂಡಗೆ ದಪ್ಪಗಿದ್ದ ಚರ್ಮ. ನಡುವೆ ಚೆಂಡು ಬಿದ್ದೂ ಬಿದ್ದೂ ಕಪ್ಪಾಗಿತ್ತು.

"ಇದಾದ್ರೆ ಸಲೀಸಾಗಿ ಹೋಗುತ್ತೆ ಮಾವ. ಇದೇ ಅವನದು."

ಎಲಿಹಿಯೊ ಅದನ್ನು ಕೈಗೆ ತೆಗೆದುಕೊಂಡು ಒಳಗೆ ನೋಡಿದ, ಹೊರಗೆ ನೋಡಿದ. ಅಳತೆ ಸರಿಯಾಗಿಯೇ ಇತ್ತು. "ಇದೇ ಅವನಿಗೆ ಬೇಕಾಗಿದ್ದಿದ್ರೆ ನನ್ನಿಂದ ಬಚ್ಚಿಡ್ತಿದ್ನಾ?" ಎಂದ. "ಹೇಳಮ್ಮ. ಮಂಚದ ಕೆಳಗೆ ಇಟ್ಕೋತಿದ್ನಾ?"

ಹೊರಗೆ ಕುರ್ಚಿಗಳು ಸರಿದವು. ಯಾರೋ ಟೋಪಿ ಕೊಡವಿಕೊಂಡರು.

ಎಲಿಹಿಯೊ ದೊಡ್ಡ ಗ್ಲೌಸನ್ನು ಚೀಲಕ್ಕೆ ತುರುಕಿ ಚೀಲವನ್ನು ಕಾಲಿನಿಂದ ಒಳಕ್ಕೆ ತಳ್ಳಿದ. ಮಗನ ಸೊಟ್ಟ ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಸವರಿದ. ಅವನ ಕಣ್ಣಿನಿಂದ ನೀರು ಗಲ್ಲಕ್ಕೆ ಇಳಿದು ಅಂಗಿಯ ಮೇಲೆ ಬೀಳುತ್ತಿತ್ತು. ಆದರೆ ಧ್ವನಿ ನೆಟ್ಟಗಿತ್ತು.

"ಮಣಿಕಟ್ಟು ಹಿಡ್ಕೋ."

"ಮಾವ..."

"ಎರಡೂ ಕೈಯಲ್ಲಿ ಹಿಡ್ಕೋ. ಅಲ್ಲಾಡಬಾರದು."

ಮಿರೆಲಿಸ್ ಹಿಡಿದುಕೊಂಡಳು. ಮಂಜುಗಡ್ಡೆಯ ಮೇಲಿದ್ದ ಕೈ ತಣ್ಣಗೆ, ಬಿರುಸಾಗಿತ್ತು. ಎಲಿಹಿಯೊ ಬೆರಳನ್ನು ಒಳಮುಖವಾಗಿ ಮಡಿಸಿದ. ಹಸಿ ಕಬ್ಬು ಮುರಿದ ಹಾಗೆ ಒಂದು ಸದ್ದಾಯಿತು. ಆಮೇಲೆ ಇನ್ನೊಂದು, ಮೊದಲಿನದಕ್ಕಿಂತ ಸಣ್ಣದು. ಗ್ಲೌಸು ಒಂದೇ ಎಳೆತಕ್ಕೆ ಬುಡದವರೆಗೂ ಕೂತಿತು.

ಬಾಗಿಲು ತೆರೆಯಿತು. ಎಲ್ಲರಿಗಿಂತ ಮುಂದೆ ಮಿಲ್ಲಿನ ತಂಡದ ಹಳೆಯ ನಾಯಕ ಬಂದ. ಟೋಪಿಯನ್ನು ಎದೆಗೆ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದ.

"ಹೇಳಿ ಮಾಡಿಸಿದ ಹಾಗಿದೆ, ಎಲಿಹಿಯೊ," ಎಂದ.

ಮಿರೆಲಿಸ್ ಇನ್ನೂ ಮಣಿಕಟ್ಟು ಬಿಟ್ಟಿರಲಿಲ್ಲ.